ಚುಕ್ಕಾಣಿಯ ಎರಡು ಕೆಲಸ

ಚುನಾವಣೆಯ ಫಲಿತಾಂಶ ಬಂದ ಮರುದಿನ ಕನ್ನಡ ಪತ್ರಿಕೆಗಳಲ್ಲಿ ‘ಚುಕ್ಕಾಣಿ’ ಎಂಬ ಪದ ಹೆಚ್ಚುಕಡಿಮೆ ತಪ್ಪದೆ ಕಾಣುತ್ತದೆ. ಪಕ್ಷ ರಾಜ್ಯದ ಚುಕ್ಕಾಣಿ ಹಿಡಿಯುತ್ತದೆ, ಸಹಕಾರ ಸಂಘದ ಚುಕ್ಕಾಣಿ ಹೊಸಬರಿಗೆ ಸಿಗುತ್ತದೆ. ನಿಜವಾಗಿ ಕೈಯಲ್ಲಿ ಹಿಡಿದು ತಿರುಗಿಸುವ ಕಾರಿನಲ್ಲಿ ಮಾತ್ರ ಯಾರೂ ಹಾಗೆನ್ನುವುದಿಲ್ಲ, ಅಲ್ಲಿ ಅದು ಸ್ಟೇರಿಂಗ್. ಆದರೆ ಈಗ ಕಾರಿನ ಹೊಟ್ಟೆಯೊಳಗೆ ಆಗುತ್ತಿರುವ ಬದಲಾವಣೆಗೆ ಸ್ಟೇರಿಂಗ್‌ಗಿಂತ ಈ ಹಳೆಯ ಪದವೇ ಹೆಚ್ಚು ಒಪ್ಪುತ್ತದೆ ಎಂದು ನಾನು ನಂಬಿದ್ದೇನೆ.

ಅಚ್ಚಗನ್ನಡದಂತೆ ಕೇಳಿಸಿದರೂ ಚುಕ್ಕಾಣಿ ಕಡಲು ದಾಟಿ ಬಂದದ್ದು. ಅರಬ್ಬಿಯಲ್ಲಿ ‘ಸುಕ್ಕಾನ್’ ಎಂದರೆ ಹಡಗಿನ ಹಿಂಬದಿಯಲ್ಲಿ ನೀರಿಗಿಳಿದು ದಿಕ್ಕು ಬದಲಿಸುವ ಹಲಗೆ. ಮರಾಠಿಯಲ್ಲಿ ಅದು ಸುಕಾಣೂ, ಮಲಯಾಳದಲ್ಲಿ ಚುಕ್ಕಾನ್. ಅರಬ್ಬಿ ವ್ಯಾಪಾರಿಗಳೂ ನಾವಿಕರೂ ಶತಮಾನಗಳ ಕಾಲ ಬಂದುಹೋದ ಪಡುವಣ ಕರಾವಳಿ ನಮ್ಮದು. 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಹೊನ್ನಾವರ, ಮಂಗಳೂರುಗಳನ್ನು ಕಂಡು ಬರೆದಿದ್ದಾನೆ. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ಹಡಗಿನ ಸಿಬ್ಬಂದಿಯನ್ನು ಪಟ್ಟಿ ಮಾಡುವಾಗ ‘ಸುಕ್ಕಾನ್‌ಗೀರ್’ ಎಂಬವನನ್ನು ಹೆಸರಿಸುತ್ತದೆ. ಮಾರ್ಗದರ್ಶಿಯ ಅಪ್ಪಣೆಯಂತೆ ಹಡಗನ್ನು ತಿರುಗಿಸುವುದು ಅವನ ಕೆಲಸ. ಪಾರಸಿಯಲ್ಲಿ ಅವನಿಗೆ ‘ಸುಕ್ಕಾನಿ’ ಎಂದೂ ಹೆಸರು. ಬ್ರಿಟಿಷ್ ಹಡಗುಗಳಲ್ಲಿ ದುಡಿದ ಭಾರತೀಯ ನಾವಿಕರ ಬಾಯಿಂದ ಅದು ಇಂಗ್ಲಿಷಿಗೂ ಹೋಗಿ ‘ಸೀಕನ್ನಿ’ ಆಯಿತು. ಅಲ್ಲಿ ಅದು ಆಳಿನ ಹೆಸರು. ಕನ್ನಡದಲ್ಲಿ ಹೆಚ್ಚುಕಡಿಮೆ ಅದೇ ಉಚ್ಚಾರ ಉಪಕರಣದ ಹೆಸರಾಗಿ ನಿಂತಿದೆ, ಆಳು ಬೇಕಾದರೆ ನಾವು ಚುಕ್ಕಾಣಿಗ ಎನ್ನುತ್ತೇವೆ.

ಇನ್ನೂ ಹಿಂದಕ್ಕೆ ಹೋದರೆ ಪದ ಮತ್ತಷ್ಟು ತೆರೆದುಕೊಳ್ಳುತ್ತದೆ. ಅರಬ್ಬಿಯ ಸ-ಕ-ನ ಧಾತುವಿಗೆ ನೆಲೆನಿಲ್ಲು, ಶಾಂತವಾಗು ಎಂಬ ಅರ್ಥ. ಹಿಂದಿ, ಉರ್ದು ಹಾಡುಗಳಲ್ಲಿ ನಾವು ಕೇಳುವ ‘ಸುಕೂನ್’ ಇದರದೇ ಕುಡಿ. 13ನೇ ಶತಮಾನದ ನಿಘಂಟುಕಾರ ಇಬ್ನ್ ಮಂಜೂರ್, ಹಡಗಿನ ಅಲುಗಾಟ ತಡೆದು ಅದನ್ನು ಶಾಂತವಾಗಿಡುವುದರಿಂದ ಸುಕ್ಕಾನ್‌ಗೆ ಆ ಹೆಸರು ಎಂಬ ವಿವರಣೆ ಕೊಡುತ್ತಾನೆ. ಆಧುನಿಕ ವಿದ್ವಾಂಸರು ಪದದ ಮೂಲವನ್ನು ಅರಾಮಿಕ್‌ನತ್ತ ತೋರಿಸುತ್ತಾರೆ. ಹಾಗಿದ್ದರೆ ನಿಘಂಟಿನ ನಿರುಕ್ತಿ ಆಮೇಲೆ ಹೊಂದಿಸಿದ್ದು. ನನಗೆ ಮಾತ್ರ ಆ ವಿವರಣೆ ಅಮೂಲ್ಯ, ಏಕೆಂದರೆ ಅದು ಕಡಲಿನ ಅನುಭವದಿಂದ ಬಂದಿದೆ. ಚುಕ್ಕಾಣಿ ಮುರಿದ ದೋಣಿ ಅಲೆಗಳಿಗೆ ಅಡ್ಡಲಾಗಿ ತಿರುಗಿ ಹೊಯ್ದಾಡತೊಡಗುತ್ತದೆ. ದಿಕ್ಕು ತೋರುವುದೂ ಹೊಯ್ದಾಟ ತಗ್ಗಿಸುವುದೂ ನೀರಿನ ಮೇಲೆ ಒಂದೇ ಕೈಯ ಕೆಲಸ.

ಅಧಿಕಾರಕ್ಕೂ ಚುಕ್ಕಾಣಿಗೂ ನಂಟು ಬೆಳೆದದ್ದು ಕನ್ನಡದಲ್ಲಿ ಮಾತ್ರವಲ್ಲ. ಹಡಗು ನಡೆಸುವವನಿಗಿದ್ದ ಗ್ರೀಕ್ ಪದ ಲ್ಯಾಟಿನ್ ಮೂಲಕ ‘ಗವರ್ನಮೆಂಟ್’ ಆಯಿತು. ಅದೇ ಗ್ರೀಕ್ ಪದದಿಂದ 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ‘ಸೈಬರ್ನೆಟಿಕ್ಸ್’ ಎಂಬ ಹೆಸರು ಕಟ್ಟಿದ. ತನ್ನ ಕೆಲಸದ ಫಲವನ್ನು ತಾನೇ ಅಳೆದು ತಿದ್ದಿಕೊಳ್ಳುವ ಯಂತ್ರಗಳ ಶಾಸ್ತ್ರ ಅದು. ಇಂದಿನ ಕಾರಿನ ಸಾಫ್ಟ್‌ವೇರ್ ಮಾಡುವುದೂ ಇದನ್ನೇ.

ನೀರಿನ ಮೇಲೆ ಒಂದಾಗಿದ್ದ ದಿಕ್ಕು ತೋರುವ, ಹೊಯ್ದಾಟ ತಗ್ಗಿಸುವ ಕೆಲಸಗಳು ನೆಲದ ಮೇಲೆ ಬೇರೆಯಾದವು. 1886ರ ಬೆಂಜ್ ಕಾರಿನಲ್ಲಿ ಸ್ಟೇರಿಂಗ್ ಚಕ್ರವಿರಲಿಲ್ಲ, ದೋಣಿಯಲ್ಲಿರುವಂಥ ಹಿಡಿಕೆಯೇ ಇತ್ತು. 1894ರ ಪ್ಯಾರಿಸ್–ರೂಆಂ ಓಟದಲ್ಲಿ ಆಲ್ಫ್ರೆಡ್ ವಶೆರೋನ್ ಚಕ್ರ ಜೋಡಿಸಿದ ಮೇಲೆ ಅದೇ ರೂಢಿಯಾಯಿತು. ಕುಲುಕಾಟವನ್ನು ಮಾತ್ರ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಲಾರಿಗಳಲ್ಲಿ ಕಮಾನ್ ಪಟ್ಟಿ ಸೇರಿದ ಸಸ್ಪೆನ್ಷನ್ ನೋಡಿಕೊಂಡಿತು. ಅದನ್ನು ಮೆತ್ತಗಿಟ್ಟರೆ ತಿರುವಿನಲ್ಲಿ ಗಾಡಿ ವಾಲುತ್ತದೆ, ಬಿಗಿಯಾಗಿಟ್ಟರೆ ಪ್ರತಿ ಗುಂಡಿಯೂ ಬೆನ್ನಿಗೆ ಬಡಿಯುತ್ತದೆ. ಈ ರಾಜಿಯಲ್ಲೇ ದಶಕಗಳು ಕಳೆದವು.

ರಾಜಿಯನ್ನು ಮುರಿದದ್ದು ಕಂಪ್ಯೂಟರ್. ಫಾರ್ಮುಲಾ ಒನ್‌ನಲ್ಲಿ 1987ರಲ್ಲಿ ಸೆನ್ನಾ ಓಡಿಸಿದ ಲೋಟಸ್, 1992ರಲ್ಲಿ ಮ್ಯಾನ್ಸೆಲ್ ಓಡಿಸಿದ ವಿಲಿಯಮ್ಸ್ ಕಾರುಗಳು ರಸ್ತೆಗೆ ತಕ್ಕಂತೆ ಸಸ್ಪೆನ್ಷನ್ನನ್ನು ಕ್ಷಣಕ್ಷಣಕ್ಕೂ ಹೊಂದಿಸಿದವು. 1994ಕ್ಕೆ ಅಲ್ಲಿ ಅದಕ್ಕೆ ನಿಷೇಧ ಬಿತ್ತು, ಆದರೆ ಊರಿನ ರಸ್ತೆಗಳಲ್ಲಿ ವಿದ್ಯೆ ಮುಂದುವರಿಯಿತು. 2002ರ ಕ್ಯಾಡಿಲಾಕ್ ಸೆವಿಲ್‌ನ ಶಾಕ್ ಅಬ್ಸಾರ್ಬರಿನೊಳಗೆ ಕಬ್ಬಿಣದ ಕಣ ಬೆರೆಸಿದ ದ್ರವವಿತ್ತು. ವಿದ್ಯುತ್ ಹರಿದೊಡನೆ ಹುಟ್ಟುವ ಕಾಂತಬಲಕ್ಕೆ ಅದು ಗಟ್ಟಿಯಾಗುತ್ತದೆ. 2013ರ ಮರ್ಸಿಡಿಸ್ ಎಸ್-ಕ್ಲಾಸ್ ಮುಂದಿನ ರಸ್ತೆಯನ್ನು ಕ್ಯಾಮೆರಾದಿಂದ ಓದಿ, ಉಬ್ಬು ಎದುರಾಗುವ ಮೊದಲೇ ಅಣಿಯಾಗತೊಡಗಿತು.

ಸ್ಟೇರಿಂಗ್‌ನ ಕಥೆ ಇನ್ನೂ ಆಳದ್ದು. 2013ರಲ್ಲಿ ಇನ್ಫಿನಿಟಿ ಕ್ಯೂ50 ಕಾರು ಚಕ್ರದ ತಿರುವನ್ನು ತಂತಿಯ ಮೂಲಕ ಗಾಲಿಗಳಿಗೆ ಕಳಿಸಿತು. ಕೆಟ್ಟರೆ ಇರಲಿ ಎಂದು ಚಕ್ರವನ್ನು ಗಾಲಿಗಳಿಗೆ ಜೋಡಿಸುವ ಹಳೆಯ ದಂಡವನ್ನೂ ಉಳಿಸಿಕೊಂಡಿತ್ತು. 2023ರ ಟೆಸ್ಲಾ ಸೈಬರ್‌ಟ್ರಕ್‌ನಲ್ಲಿ ಆ ದಂಡವೇ ಇಲ್ಲ. ಅದರ ಬದಲು ಸಂವೇದಕ, ಮೋಟಾರುಗಳನ್ನು ಒಂದಕ್ಕೆ ಎರಡಾಗಿ ಇಟ್ಟಿದ್ದಾರೆ. ಪಾರ್ಕಿಂಗ್ ಮಾಡುವಾಗ ಸ್ವಲ್ಪ ತಿರುಗಿಸಿದರೆ ಗಾಲಿ ಬಹಳ ತಿರುಗುತ್ತದೆ, ಹೆದ್ದಾರಿಯಲ್ಲಿ ಅಷ್ಟೇ ತಿರುಗಿಸಿದರೆ ಕೊಂಚ ಮಾತ್ರ. ಎಷ್ಟೆಂದು ನಿರ್ಧರಿಸುವುದು ಪ್ರೋಗ್ರಾಂ. ದಂಡವಿಲ್ಲದ ಮೇಲೆ ಅಂಗೈಗೆ ರಸ್ತೆಯ ಸುದ್ದಿ ತಾನಾಗಿ ಬರುವುದಿಲ್ಲ. ಮರಳಿನ ಜಾರು, ಜಲ್ಲಿಯ ನಡುಕ ಎಲ್ಲವನ್ನೂ ಒಂದು ಮೋಟಾರು ಲೆಕ್ಕ ಹಾಕಿ ಕೈಗೆ ಒಪ್ಪಿಸಬೇಕು. ಯಾವ ನಡುಕ ಚಾಲಕನಿಗೆ ತಿಳಿಯಬೇಕು, ಯಾವುದನ್ನು ಅಳಿಸಬೇಕು ಎಂಬ ತೀರ್ಮಾನ ಎಲ್ಲೋ ಕೋಡಿನ ಸಾಲಿನಲ್ಲಿ ಆಗಿರುತ್ತದೆ. ಸುಖಕ್ಕಾಗಿ ಎಲ್ಲವನ್ನೂ ಅಳಿಸಿಬಿಡುವ ಆಸೆಗೆ ತಯಾರಕರು ಬೀಳಬಾರದು. ಮಳೆಗಾಲದ ಘಟ್ಟದಲ್ಲಿ ಟೈರಿನ ಹಿಡಿತ ಸಡಿಲುವುದು ಚಾಲಕನಿಗೆ ಗೊತ್ತಾಗಲೇಬೇಕು.

ಎರಡೂ ಕೆಲಸ ಮತ್ತೆ ಕೂಡುವುದು ಇಲ್ಲಿಯೇ. ಹಿಂದಿನ ಗಾಲಿಗಳೂ ತಿರುಗುವ ಕಾರುಗಳು ಬಂದಿವೆ. 2020ರ ಎಸ್-ಕ್ಲಾಸ್‌ನಲ್ಲಿ ಅವು 10 ಡಿಗ್ರಿಯವರೆಗೆ ತಿರುಗಬಲ್ಲವು. ನಿಧಾನವಾಗಿ ಹೋಗುವಾಗ ಮುಂದಿನ ಗಾಲಿಗೆ ಎದುರು ದಿಕ್ಕಿಗೆ ತಿರುಗಿ ಗಾಡಿಯನ್ನು ಇಕ್ಕಟ್ಟಿನಲ್ಲಿ ತಿರುಗಿಸುತ್ತವೆ, ವೇಗದಲ್ಲಿ ಅದೇ ದಿಕ್ಕಿಗೆ ತಿರುಗಿ ಗಾಡಿಯನ್ನು ಸ್ಥಿರವಾಗಿಡುತ್ತವೆ. ತಿರುವಿನಲ್ಲಿ ವಾಲುವಿಕೆಯನ್ನು ಸಸ್ಪೆನ್ಷನ್ ತಡೆಯಬೇಕೆಂದರೆ ಸ್ಟೇರಿಂಗ್ ಎಷ್ಟು ತಿರುಗಿದೆ ಎಂಬುದು ಅದಕ್ಕೂ ತಿಳಿದಿರಬೇಕು. ಹಾಗಾಗಿ ಎರಡನ್ನೂ ಒಂದೇ ಲೆಕ್ಕದಡಿ ತರುವ ಕೆಲಸ ನಡೆದಿದೆ. ಕೇವಲ ಉಪಕರಣವಾಗಿದ್ದ ಚುಕ್ಕಾಣಿ ಈಗ ಸುಕ್ಕಾನಿಯ, ಎಂದರೆ ಆಳಿನ, ಪಾಲಿನ ನಿರ್ಧಾರಗಳನ್ನೂ ಮಾಡುತ್ತಿದೆ.

ಕಾರುಗಳ ಸಾಫ್ಟ್‌ವೇರ್ ಬರೆಯುವ ಬಾಷ್, ಮರ್ಸಿಡಿಸ್‌ನಂಥ ಕಂಪನಿಗಳ ದೊಡ್ಡ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ಅಲ್ಲಿ ದುಡಿಯುವ ಕನ್ನಡಿಗರಿಗೂ ವಾಹನ ತಂತ್ರಜ್ಞಾನದ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೂ ನನ್ನದೊಂದು ಸಲಹೆ: ಕೈಗೆ ಸಿಗುವ ಚಕ್ರಕ್ಕೆ ಸ್ಟೇರಿಂಗ್ ಎಂಬ ಹೆಸರೇ ಇರಲಿ, ಜನರ ಬಾಯಲ್ಲಿ ಅದು ಕುದುರಿದೆ. ದಿಕ್ಕನ್ನೂ ಸ್ಥಿರತೆಯನ್ನೂ ಒಟ್ಟಿಗೆ ನೋಡಿಕೊಳ್ಳುವ ಈ ಹೊಸ ವ್ಯವಸ್ಥೆಯನ್ನು ಚುಕ್ಕಾಣಿ ಎಂದು ಕರೆಯೋಣ.