ಪಾಪಸುಕಳ್ಳಿಯ ಬಯಲಿನಲ್ಲಿ ಎದ್ದ ಕಾರ್ಖಾನೆ

ಉದ್ಯಮಿಗಳನ್ನು ತಮ್ಮೂರಿಗೆ ಕರೆತರಲು ಸರ್ಕಾರಗಳು ಇಂದು ಪಡುವ ಪಾಡು ಅಷ್ಟಿಷ್ಟಲ್ಲ. ಹೂಡಿಕೆದಾರರ ಸಮಾವೇಶ, ತೆರಿಗೆ ವಿನಾಯಿತಿ, ರಿಯಾಯಿತಿ ದರದ ಭೂಮಿ, ಹೀಗೆ ಆಮಿಷಗಳ ಪಟ್ಟಿ ಉದ್ದವಾಗುತ್ತಲೇ ಇದೆ. ಬೆಂಗಳೂರಿನ ಆಚೆಗೂ ಊರುಗಳಿವೆ, ಅಲ್ಲಿಗೂ ಬನ್ನಿ ಎಂದು ಕರ್ನಾಟಕ ಸರ್ಕಾರವೂ ಕರೆಯುತ್ತಿದೆ. ಆದರೆ ಸಣ್ಣ ಊರೊಂದು ಉದ್ಯಮವನ್ನು ಕರೆದು ಕೂರಿಸಿಕೊಳ್ಳುವುದು ಹೊಸ ಸಂಗತಿಯೇನಲ್ಲ. ಶತಮಾನಕ್ಕೂ ಹಿಂದೆ ಪುಟ್ಟ ಸಂಸ್ಥಾನವೊಂದು ಈ ಕೆಲಸವನ್ನು ಸದ್ದಿಲ್ಲದೆ ಮಾಡಿ ತೋರಿಸಿತ್ತು. ಆ ಕಥೆ ಆರಂಭವಾಗುವುದು ಬೆಳಗಾವಿಯಲ್ಲಿ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರಕಲಾವಿದರಾಗಬೇಕೆಂದು ಮುಂಬಯಿಗೆ ಹೋದವರು. ಬಣ್ಣಗಳನ್ನು ಗುರುತಿಸುವ ಶಕ್ತಿ ಕಣ್ಣಿಗಿಲ್ಲವೆಂದು ತಿಳಿದಾಗ ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯತ್ತ ಹೊರಳಿದರು. ಅಲ್ಲಿಯೇ ತಾಂತ್ರಿಕ ಶಾಲೆಯೊಂದರಲ್ಲಿ ಬೋಧಕರೂ ಆದರು. ಇತ್ತ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಆರಂಭವಾಯಿತು. ಅದನ್ನು ನೋಡಿಕೊಂಡವರು ಅಣ್ಣ ರಾಮಚಂದ್ರರಾವ್. ಮುಂದೆ ತಮ್ಮನೂ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಮೇವು ಕತ್ತರಿಸುವ ಯಂತ್ರ, ನಂತರ ಕಬ್ಬಿಣದ ನೇಗಿಲು ತಯಾರಾದವು. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಎಂಬ ರೈತರ ನಂಬಿಕೆಯಿಂದಾಗಿ ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ನೇಗಿಲಿಗೆ ಬೇಡಿಕೆ ಕುದುರುತ್ತಿದ್ದಂತೆಯೇ ಇನ್ನೊಂದು ಸಂಕಟ ಎದುರಾಯಿತು. ಊರಿನ ವಿಸ್ತರಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕೆಂದು ಪುರಸಭೆ ತಿಳಿಸಿತು. ಬೆಳೆಯುವ ಊರಿಗೆ ಬೆಳೆಯುವ ಕಾರ್ಖಾನೆಯೇ ಅಡ್ಡಿಯಾಗಿ ಕಂಡಿತು!

ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿ. ಔಂಧ್ ದೊಡ್ಡ ರಾಜ್ಯವಲ್ಲ. ಒಟ್ಟು 72 ಹಳ್ಳಿಗಳು, ಅವೂ ಚೆಲ್ಲಾಪಿಲ್ಲಿ. ಬಹುಪಾಲು ಸಾತಾರಾ ಸೀಮೆಯಲ್ಲಿದ್ದರೆ, ಗುಣದಾಳದ ಭಾಗ ವಿಜಾಪುರ ಜಿಲ್ಲೆಯ ನಡುವೆ ಇತ್ತು. ಮಳೆ ಕಡಿಮೆ, ಆದಾಯವೂ ಕಡಿಮೆ. ಇಂಥ ಸಂಸ್ಥಾನದ ಅರಸರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಜಮೀನನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು.

ಜಮೀನೆಂದರೆ ಫಲವತ್ತಾದ ಹೊಲವಲ್ಲ. ಪಾಪಸುಕಳ್ಳಿ ತುಂಬಿದ, ನಾಗರಹಾವುಗಳು ಹರಿದಾಡುವ ಬಂಜರು ಬಯಲು. 1910ರಲ್ಲಿ ಲಕ್ಷ್ಮಣರಾಯರು ಸಂಗಡಿಗರೊಂದಿಗೆ ಅಲ್ಲಿಗೆ ಬಂದರು. ಕಳ್ಳಿ ಕಡಿದು ಕಾರ್ಖಾನೆಯನ್ನೂ ಕಾರ್ಮಿಕರ ಮನೆಗಳನ್ನೂ ಕಟ್ಟಲಾಯಿತು. ಅದೇ ಕಿರ್ಲೋಸ್ಕರವಾಡಿ. ರೈಲು ನಿಲ್ದಾಣದ ಹೆಸರೂ ಬದಲಾಯಿತು. 1920ರಲ್ಲಿ ಈ ಪುಟ್ಟ ಊರಿನಿಂದ ಮರಾಠಿ ಪತ್ರಿಕೆಯೊಂದು ಹೊರಡತೊಡಗಿತೆಂದರೆ ಅಲ್ಲಿ ಬೆಳೆದದ್ದು ಬರೀ ಕಬ್ಬಿಣದ ಕೆಲಸವಲ್ಲ ಎಂಬುದು ತಿಳಿಯುತ್ತದೆ.

ಔಂಧ್ ಗೆದ್ದದ್ದು ಹೇಗೆ? ಬೆಳಗಾವಿಯಲ್ಲಿದ್ದಷ್ಟು ದೊಡ್ಡ ಪೇಟೆ ಅದರ ಬಳಿ ಇರಲಿಲ್ಲ. ಇದ್ದದ್ದು ಮೂರು ಸಂಗತಿಗಳು: ಯಾರಿಗೂ ಬೇಡವಾದ ಭೂಮಿ, ಪಕ್ಕದಲ್ಲೇ ರೈಲು, ಬೇಗ ತೀರ್ಮಾನ ಮಾಡಬಲ್ಲ ಅರಸ. ರೈಲಿಲ್ಲದೆ ಕಬ್ಬಿಣ ಬರುತ್ತಿರಲಿಲ್ಲ, ನೇಗಿಲು ಹೊರಗೆ ಹೋಗುತ್ತಿರಲಿಲ್ಲ. ಕುಶಲಿಗಳು ಹೊರಗಿನಿಂದ ಬರಬೇಕಾದ್ದರಿಂದ ಅವರಿಗೆ ಮನೆ ಕಟ್ಟುವುದು ಉಪಕಾರವಾಗಿರದೆ ಅನಿವಾರ್ಯವಾಗಿತ್ತು. ಸಣ್ಣ ಊರಿಗೆ ಕರೆ ಕೊಡುವವರು ಈ ಮಾತನ್ನು ಮರೆಯುವುದುಂಟು. ಜಮೀನು ತೋರಿಸಿದ ಮಾತ್ರಕ್ಕೆ ಜನ ಬಂದು ನೆಲೆಸುವುದಿಲ್ಲ.

ಕಥೆಗೆ ಇನ್ನೊಂದು ಮುಖವೂ ಇದೆ. ಇದೇ ಮನೆತನ 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪಿಸಿತು. ತುಂಗಭದ್ರೆಯ ದಂಡೆಯ ದೇವಸ್ಥಾನದ ಊರು ಲೇತ್ ಯಂತ್ರಗಳ ಊರಾಗಿ ದೇಶಕ್ಕೆಲ್ಲ ಪರಿಚಿತವಾಯಿತು. ಆದರೆ 2000ದ ದಶಕದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿದಾಗ ಅದನ್ನೇ ನಂಬಿದ್ದ ಕುಟುಂಬಗಳ ಜೊತೆಗೆ ಊರಿನ ಪೇಟೆಯೂ ಪೆಟ್ಟು ತಿಂದಿತು. ಒಂದೇ ಕಂಬದ ಮೇಲೆ ನಿಂತ ಚಪ್ಪರಕ್ಕೆ ಈ ಅಪಾಯ ತಪ್ಪಿದ್ದಲ್ಲ. ಉದ್ಯಮವನ್ನು ಕರೆತರುವಷ್ಟೇ ಮುಖ್ಯ, ಅದರ ಸುತ್ತ ಹತ್ತಾರು ಸಣ್ಣ ಕಸುಬುಗಳು ಬೇರೂರುವಂತೆ ನೋಡಿಕೊಳ್ಳುವುದು.

ಔಂಧ್ ಸಂಸ್ಥಾನ 1948ರಲ್ಲಿ ವಿಲೀನವಾಗಿ ಇತಿಹಾಸಕ್ಕೆ ಸೇರಿತು. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು. ಈಗ ಸಾಂಗ್ಲಿ ಜಿಲ್ಲೆಗೆ ಸೇರಿರುವ ಕಿರ್ಲೋಸ್ಕರವಾಡಿಯಲ್ಲಿ ಇಂದಿಗೂ ಪಂಪುಗಳು ತಯಾರಾಗುತ್ತಿವೆ. ಬೆಳಗಾವಿಯಲ್ಲಿ ಉಳಿದಿರುವುದು ಕಿರ್ಲೋಸ್ಕರ್ ರಸ್ತೆ ಎಂಬ ಹೆಸರು. ಒಂದು ಊರಿಗೆ ಕಾರ್ಖಾನೆ ದಕ್ಕಿತು, ಇನ್ನೊಂದಕ್ಕೆ ಅದರ ನೆನಪು.