ಎರರ್‌ಗೂ ಒಂದು ಇಸವಿ ಇರುತ್ತದೆ

“ಬುಕ್ಕಿನ್ಯಾಗ ಇದ್ದಂಗ ಹೊಡದೀನ್ರಿ ಸರ್, ಆದ್ರೂ ಎರರ್ ಬರಾಕತ್ತೈತ್ರಿ.” ಖಾನಾಪುರದ ಕಡೆಯಿಂದ ಬಸ್ಸು, ರೈಲು ಹಿಡಿದು ಬೆಳಗಾವಿಗೆ ಓದಲು ಬರುವ ಹುಡುಗರಿಗೆ ನಾನು ಸಂಜೆ, ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಜ್ಯಾಂಗೊ ಹೇಳಿಕೊಡುತ್ತೇನೆ. 2024ರಲ್ಲಿ ಅವರಿಂದ ಪದೇ ಪದೇ ಕೇಳಿದ ಮಾತಿದು. ಅವರು ಹೇಳಿದ್ದು ನಿಜ. ಪುಸ್ತಕದ ಸಾಲೂ ಅದರ ಕಾಲಕ್ಕೆ ಸರಿಯೇ. ನಡುವೆ ಹದಿನೈದು ವರ್ಷ ಸರಿದಿದ್ದವು. ಆ ವರ್ಷಗಳ ಚರಿತ್ರೆ ಹೇಳದೆ ಬರೀ ಎರರ್ ಸರಿಮಾಡಿಕೊಟ್ಟರೆ ಪಾಠ ಅರ್ಧವೇ ಆದಂತೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ನಮ್ಮ ಬೆಳಗಾವಿಯಲ್ಲಿ 1998ರಲ್ಲಿ ಶುರುವಾಯಿತು. ಅದರ 2021ರ ಸ್ಕೀಮಿನ ಆರನೇ ಸೆಮಿಸ್ಟರಿನಲ್ಲಿ ‘ಫುಲ್ ಸ್ಟ್ಯಾಕ್ ಡೆವಲಪ್‌ಮೆಂಟ್’ ಎಂಬ ವಿಷಯವಿದೆ. ಪಠ್ಯ, ಏಡ್ರಿಯನ್ ಹೊಲೊವಾಟಿ ಮತ್ತು ಜೇಕಬ್ ಕ್ಯಾಪ್ಲನ್-ಮಾಸ್ ಬರೆದ ‘ದ ಡೆಫಿನಿಟಿವ್ ಗೈಡ್ ಟು ಜ್ಯಾಂಗೊ’, 2009ರ ಎರಡನೇ ಆವೃತ್ತಿ. ಹೊಲೊವಾಟಿ ಜ್ಯಾಂಗೊ ಕಟ್ಟಿದವರಲ್ಲೇ ಒಬ್ಬರು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ದಿನಪತ್ರಿಕೆಯಲ್ಲಿ 2003ರಲ್ಲಿ ಅವರೂ ಸೈಮನ್ ವಿಲ್ಲಿಸನ್ನರೂ ಆರಂಭಿಸಿದ ಕೆಲಸ 2005ರ ಜುಲೈನಲ್ಲಿ ಎಲ್ಲರಿಗೂ ಮುಕ್ತವಾಯಿತು. ಇಷ್ಟು ತಿಳಿಯಾಗಿ ಜ್ಯಾಂಗೊ ಹೇಳಿಕೊಟ್ಟ ಬೇರೆ ಪುಸ್ತಕ ನಾನು ಓದಿಲ್ಲ. ಆದರೆ ಹುಡುಗರು ಪೈಥಾನ್ ಪ್ಯಾಕೇಜು ತರಿಸುವ ಪಿಪ್‌ನಿಂದ ಇಳಿಸಿಕೊಂಡಿದ್ದು ಜ್ಯಾಂಗೊ 5.0.

ಮೊದಲು ಎಡವುವುದು ಇಂಪೋರ್ಟಿನಲ್ಲಿ. ಪುಸ್ತಕದ ಯುಆರ್‌ಎಲ್ ಫೈಲು ‘ಜ್ಯಾಂಗೊ.ಕಾನ್ಫ್.ಯುಆರ್‌ಎಲ್ಸ್.ಡಿಫಾಲ್ಟ್ಸ್’ ಎಂಬ ಮಾಡ್ಯೂಲನ್ನು ಕರೆಯುತ್ತದೆ. ಅದನ್ನು 2013ರ ಜ್ಯಾಂಗೊ 1.6ರಲ್ಲೇ ತೆಗೆದುಹಾಕಿದರು. 2014ರ ನವೆಂಬರ್ 1ರಂದು ಬೆಲ್ಗಾಂ ಅಧಿಕೃತವಾಗಿ ಬೆಳಗಾವಿಯಾದ ಮೇಲೂ ಹಳೆ ಹೆಸರಿನ ಕಾಗದ ಪೋಸ್ಟ್‌ಮನ್ ಕೈಯಲ್ಲಿ ಮನೆ ಮುಟ್ಟುತ್ತಿತ್ತು. ಪೈಥಾನ್ ಹಾಗೆ ಊಹಿಸಿ ಒಯ್ಯುವುದಿಲ್ಲ. ‘ಸಿಸ್.ಪಾತ್’ ಪಟ್ಟಿಯ ಫೋಲ್ಡರುಗಳನ್ನು ಒಂದೊಂದಾಗಿ ಹುಡುಕಿ, ಸಿಗದಿದ್ದರೆ ‘ಮಾಡ್ಯೂಲ್ ನಾಟ್ ಫೌಂಡ್’ ಎಂದು ನಿಂತುಬಿಡುತ್ತದೆ. ಈ ಪ್ರತ್ಯೇಕ ಎರರ್ ಬಂದಿದ್ದೇ 2016ರ ಡಿಸೆಂಬರಿನ ಪೈಥಾನ್ 3.6ರಲ್ಲಿ. ಅಲ್ಲಿಯವರೆಗೆ ಮಾಡ್ಯೂಲೇ ಇಲ್ಲದಿದ್ದರೂ, ಮಾಡ್ಯೂಲಿನೊಳಗೆ ಕೇಳಿದ ಹೆಸರಿಲ್ಲದಿದ್ದರೂ ಬರುತ್ತಿದ್ದುದು ‘ಇಂಪೋರ್ಟ್ ಎರರ್’ ಒಂದೇ. ಪರಿಹಾರ ಸುಲಭ: ‘ಜ್ಯಾಂಗೊ.ಯುಆರ್‌ಎಲ್ಸ್’ನಿಂದ ‘ಪಾತ್’ ಎಂಬ ಫಂಕ್ಷನ್ ತರಿಸಿಕೊಂಡರಾಯಿತು. ಅದು 2017ರ ಡಿಸೆಂಬರಿನಲ್ಲಿ ಜ್ಯಾಂಗೊ 2.0ರ ಜೊತೆ ಬಂದದ್ದು.

ಪುಟದ ಅಚ್ಚಾದ ಟೆಂಪ್ಲೇಟಿನ ತೊಡಕು ಹೆಚ್ಚು ಕಾಡುತ್ತದೆ. ಪುಸ್ತಕ ‘ಟೆಂಪ್ಲೇಟ್_ಡೈರ್ಸ್’ನಲ್ಲಿ ಫೋಲ್ಡರಿನ ದಾರಿ ಬರೆಯಿರಿ ಎನ್ನುತ್ತದೆ. 2015ರ 1.8ರಲ್ಲಿ ಆ ಜಾಗಕ್ಕೆ ‘ಟೆಂಪ್ಲೇಟ್ಸ್’ ಪಟ್ಟಿ ಬಂತು, 2016ರ 1.10ರಲ್ಲಿ ಹಳೆಯದನ್ನು ಕೈಬಿಟ್ಟರು. ಈಗ ಹಳೆ ಸಾಲು ಬರೆದರೆ ಜ್ಯಾಂಗೊ ತಕರಾರನ್ನೇ ಎತ್ತುವುದಿಲ್ಲ. ಸರ್ವರ್ ಶುರುವಾಗುತ್ತದೆ, ಪುಟ ತೆರೆದಾಗಷ್ಟೇ ‘ಟೆಂಪ್ಲೇಟ್ ಡಸ್ ನಾಟ್ ಎಕ್ಸಿಸ್ಟ್’ ಎಂಬ ಹಳದಿ ತಲೆಪಟ್ಟಿ ಕಾಣುತ್ತದೆ.

ಹುಡುಗರು ಅದನ್ನು ಕಂಡೊಡನೆ ಬ್ರೌಸರ್ ಮುಚ್ಚುತ್ತಾರೆ. ನಾನು ಮುಚ್ಚಗೊಡುವುದಿಲ್ಲ. ಕೆಳಗೆ ಸರಿಸಿದರೆ ಜ್ಯಾಂಗೊ ಎಲ್ಲೆಲ್ಲಿ ಹುಡುಕಿತು ಎಂಬುದು ಸಾಲುಸಾಲಾಗಿ, ಪೂರ್ತಿ ದಾರಿ ಸಮೇತ ಇರುತ್ತದೆ. ಒಬ್ಬ ಹುಡುಗ ಆ ಸಾಲುಗಳ ಮೇಲೆ ಬೆರಳಿಟ್ಟು ಓದುತ್ತ ಹೋಗಿ, ತನ್ನ ಫೋಲ್ಡರಿಗೆ ‘ಟೆಂಪ್ಲೇಟ್’ ಎಂದು ಹೆಸರಿಟ್ಟಿದ್ದನ್ನು, ಜ್ಯಾಂಗೊ ‘ಟೆಂಪ್ಲೇಟ್ಸ್’ನಲ್ಲಿ ಹುಡುಕಿದ್ದನ್ನು ತಾನೇ ಹಿಡಿದ. ಇನ್ನೊಬ್ಬಳ ಫೈಲಿನ ಹೆಸರಿನ ಕೊನೆಗೆ ನೋಟ್‌ಪ್ಯಾಡ್ ಸೇರಿಸಿದ ‘ಟಿಎಕ್ಸ್‌ಟಿ’ ಇತ್ತು.

ಹಳೆ ಪುಸ್ತಕ ಬಿಸಾಡಬೇಕಿಲ್ಲ. ಪ್ರತಿ ಆವೃತ್ತಿಯ ಜೊತೆ ಜ್ಯಾಂಗೊ ಬಳಗ ಏನು ತೆಗೆದೆವು, ಏನು ಸೇರಿಸಿದೆವು ಎಂದು ಬರೆದಿಟ್ಟಿದೆ. ಅದನ್ನು ಪಠ್ಯದ ಪಕ್ಕದಲ್ಲಿಟ್ಟು ಓದಿಸಬೇಕು. ಲ್ಯಾಬ್ ರೆಕಾರ್ಡಿನ ಮೊದಲ ಪುಟದಲ್ಲೇ ಪೈಥಾನ್ ಯಾವುದು, ಜ್ಯಾಂಗೊ ಯಾವುದು ಎಂದು ಬರೆಸಬೇಕು. ಯಾವ ಸಾಲು ಯಾವ ಇಸವಿಯದ್ದು ಎಂದು ಗುರುತಿಸಬಲ್ಲ ಹುಡುಗಿಗೆ ನಾಳೆ ಯಾವ ಹೊಸ ಆವೃತ್ತಿ ಬಂದರೂ ನನ್ನಂಥ ಮೇಷ್ಟ್ರ ಹಂಗಿರುವುದಿಲ್ಲ.