2.5 ಅನ್ನು ಪೂರ್ಣಾಂಕ ಮಾಡಿದರೆ 3 ಅಲ್ಲವೇ? ಹ್ಯಾಸ್ಕೆಲ್ 2 ಎನ್ನುವುದೇಕೆ?

ಅರ್ಧ ಅಥವಾ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆಯಿದ್ದರೆ ಕೆಳಕ್ಕೆ. ಶಾಲೆಯಲ್ಲಿ ನಾವೆಲ್ಲ ಕಲಿತ ನಿಯಮ ಇದು. ಆದರೆ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯ 'ರೌಂಡ್' ಫಂಕ್ಷನ್‌ಗೆ 2.5 ಕೊಟ್ಟರೆ 2 ಬರುತ್ತದೆ, 3.5 ಕೊಟ್ಟರೆ 4. ಇದು ದೋಷವಲ್ಲ. ಸಂಖ್ಯೆ ಸರಿಯಾಗಿ ನಡುವೆ ಇದ್ದರೆ ಪಕ್ಕದ ಸಮಸಂಖ್ಯೆಯನ್ನು ಆರಿಸಬೇಕು ಎಂಬುದೇ ಅಲ್ಲಿನ ನಿಯಮ. ಇದನ್ನು ಬ್ಯಾಂಕರ್ಸ್ ರೌಂಡಿಂಗ್ ಎನ್ನುತ್ತಾರೆ.

ಇದರಿಂದ ಲಾಭವೇನು?

ಹೊಳಲ್ಕೆರೆಯ ಅಡಿಕೆ ಬೆಳೆಗಾರರೊಬ್ಬರ ನಾಲ್ಕು ಚೀಲಗಳು 40.5, 41.5, 42.5, 43.5 ಕೆ.ಜಿ. ತೂಗಿದವು ಎಂದುಕೊಳ್ಳಿ. ಒಟ್ಟು 168 ಕೆ.ಜಿ. ಪ್ರತಿ ಚೀಲವನ್ನೂ ಶಾಲೆಯ ನಿಯಮದಂತೆ ಮೇಲಕ್ಕೆ ಏರಿಸಿದರೆ ಒಟ್ಟು 170. ಕೊಳ್ಳುವವರಿಗೆ 2 ಕೆ.ಜಿ. ನಷ್ಟ. ಅರ್ಧವನ್ನೆಲ್ಲ ಕೆಳಕ್ಕಿಳಿಸಿದರೆ 166, ರೈತರಿಗೆ ನಷ್ಟ. ಹ್ಯಾಸ್ಕೆಲ್ ನಿಯಮದಲ್ಲಿ 40, 42, 42, 44. ಒಟ್ಟು ಮತ್ತೆ 168! ಎಲ್ಲ ಸಲವೂ ಇಷ್ಟು ಸರಿಹೊಂದದಿದ್ದರೂ, ದೊಡ್ಡ ಲೆಕ್ಕಗಳಲ್ಲಿ ತಪ್ಪು ಒಂದೇ ಕಡೆ ವಾಲುವುದಿಲ್ಲ.

ಹಾಗಾದರೆ ಎಲ್ಲೆಡೆ ಇದೇ ಸರಿಯೇ?

ಇಲ್ಲ. ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ 50 ಪೈಸೆ ಅಥವಾ ಹೆಚ್ಚಿದ್ದರೆ ಅದು ಒಂದು ರೂಪಾಯಿ. ತೆರಿಗೆ 12.50 ರೂ. ಆದರೆ ಕಾನೂನಿನಂತೆ 13. 'ರೌಂಡ್' ಕೊಡುವುದು 12. ಇಲ್ಲಿ ಅರ್ಧ ಕೂಡಿಸಿ, ಕೆಳಕ್ಕಿಳಿಸುವ 'ಫ್ಲೋರ್' ಬಳಸಬೇಕು.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನೇ ನೋಡಿ. ಅದರ ಪೂರ್ಣ ಮಟ್ಟ 130 ಅಡಿ. 1933ರ ನಂತರ ಅದು ಕೋಡಿ ಬಿದ್ದದ್ದು 2022ರಲ್ಲಿ. ನೀರು 129.5 ಅಡಿ ಇದ್ದಾಗ 'ರೌಂಡ್' 130 ಎನ್ನುತ್ತದೆ, ಆದರೆ ಅಣೆಕಟ್ಟು ಇನ್ನೂ ತುಂಬಿಲ್ಲ. 'ತುಂಬಿತೇ?' ಎಂಬ ಪ್ರಶ್ನೆಗೆ 129 ಎನ್ನುವ 'ಫ್ಲೋರ್' ಸರಿ. ಹೊಸದುರ್ಗ ಕಡೆಯ ಹಿನ್ನೀರಿನ ಹಳ್ಳಿಗಳಿಗೆ ಮುನ್ನೆಚ್ಚರಿಕೆ ಕೊಡುವುದಾದರೆ ಮೇಲಕ್ಕೇರಿಸುವ 'ಸೀಲಿಂಗ್' ಸುರಕ್ಷಿತ.

ಎರಡು ದಶಮಾಂಶ ಸ್ಥಾನ ಬೇಕಿದ್ದರೆ?

100ರಿಂದ ಗುಣಿಸಿ, ರೌಂಡ್ ಮಾಡಿ, 100ರಿಂದ ಭಾಗಿಸುವುದು ರೂಢಿ. ಆದರೆ ಕಂಪ್ಯೂಟರ್ ದ್ವಿಮಾನದಲ್ಲಿ 1.015 ಅನ್ನು ನಿಖರವಾಗಿ ಇಟ್ಟುಕೊಳ್ಳಲಾರದು. 100ರಿಂದ ಗುಣಿಸಿದಾಗ ಸಿಗುವುದು 101.5 ಅಲ್ಲ, 101.49999999999999. ಹಾಗಾಗಿ 1.02 ಬದಲು 1.01 ಬರುತ್ತದೆ. ಹಣದ ಲೆಕ್ಕವನ್ನು ಪೈಸೆಗಳ ಪೂರ್ಣಾಂಕದಲ್ಲಿ ಅಥವಾ ಹ್ಯಾಸ್ಕೆಲ್‌ನ 'ರ‍್ಯಾಷನಲ್' ಭಿನ್ನರಾಶಿಯಲ್ಲಿ ಇಟ್ಟರೆ ಈ ತೊಂದರೆ ಇರದು.

ನೆನಪಿಡಿ: ಲೆಕ್ಕ ಪೂರ್ತಿ ಮುಗಿದ ಮೇಲೆ ಒಮ್ಮೆ ಮಾತ್ರ ರೌಂಡ್ ಮಾಡಿ. ಯಾವ ನಿಯಮ ಎಂಬುದನ್ನು ಭಾಷೆಗೆ ಬಿಡದೆ ನೀವೇ ನಿರ್ಧರಿಸಿ.